ಡಿಪ್ರೆಶನ್‌ಗೆ "ಉರಿಯೂತ ಪ್ಯಾಕೇಜ್": ಯಾವ ಪರೀಕ್ಷೆಗೆ ಅರ್ಥ ಉಂಟು, ಯಾವುದು ದುಡ್ಡು ದಂಡ?

ಕಾಪು ದೀಪಸ್ತಂಭ
ಉಡುಪಿ–ಮಂಗಳೂರು ಕಡೆ ಈಗ ಮನಸ್ಸಿನ ಆರೋಗ್ಯದ ಹೆಸರಲ್ಲಿ ಬ್ಲಡ್ ಟೆಸ್ಟ್ ಪ್ಯಾಕೇಜ್ ಬರ್ತಾ ಉಂಟು. ಒಂದರ ಪಟ್ಟಿ ಹೀಗಿದೆ: ಎಚ್‌ಎಸ್-ಸಿಆರ್‌ಪಿ (ಉರಿಯೂತ, ಅಂದ್ರೆ ಇನ್‌ಫ್ಲಮೇಶನ್, ಇದ್ದಾಗ ರಕ್ತದಲ್ಲಿ ಏರುವ ಸಿಆರ್‌ಪಿ ಪ್ರೋಟೀನನ್ನು ಸೂಕ್ಷ್ಮವಾಗಿ ಅಳೆಯುದು), ಇಎಸ್‌ಆರ್ (ಕೆಂಪು ರಕ್ತಕಣ ತಳಕ್ಕಿಳಿಯುವ ವೇಗ), ಐಎಲ್-6, ಟಿಎನ್‌ಎಫ್-ಆಲ್ಫಾ (ಎರಡೂ ಉರಿಯೂತದ ಸಂದೇಶ ಒಯ್ಯುವ ಸೈಟೊಕೈನ್‌ಗಳು), ಫೆರಿಟಿನ್ (ಕಬ್ಬಿಣದ ದಾಸ್ತಾನು), ವಿಟಮಿನ್ ಡಿ, ಬಿ12, ಬೆಳಗ್ಗಿನ ಕಾರ್ಟಿಸಾಲ್ (ಒತ್ತಡದ ಹಾರ್ಮೋನ್), ಕೊನೆಗೆ "ಸೆರೊಟೋನಿನ್". ಗೊತ್ತಿರುವವರು ಹೇಳಿ. ಖಿನ್ನತೆ ಉಂಟೋ ಇಲ್ವೋ ಅಂತ ಇದರಲ್ಲಿ ತಿಳೀತದಾ? ಯಾವ ಮಾತ್ರೆ ಕೊಡ್ಬೇಕು ಅಂತ ನಿರ್ಧರಿಸ್ಲಿಕ್ಕೆ ಉಪಯೋಗ ಆಗ್ತದಾ? ಚಿಕಿತ್ಸೆಯಲ್ಲಿ ಇರುವವರಿಗೆ ಸಿಆರ್‌ಪಿ 4.6 ಬಂತು ಅಂತಿಟ್ಟುಕೊಳ್ಳಿ, ಮುಂದೆ ಎಂತ ಮಾಡುದು?

ಕದ್ರಿ ಏರು
ಮೊದಲನೆಯದಕ್ಕೆ ಇಲ್ಲ. ಎರಡನೆಯದಕ್ಕೆ ಇನ್ನೂ ಇಲ್ಲ. ಮೂರನೆಯದಕ್ಕೆ ಕೂತು ಬರೀಬೇಕು.

ಒಪಿಡಿ ಚೀಟಿ
ಖಿನ್ನತೆ ಗುರುತಿಸುದು ಮಾತಾಡಿಸಿ, ಸೂಜಿ ಚುಚ್ಚಿ ಅಲ್ಲ. ಒಂಬತ್ತು ಲಕ್ಷಣಗಳಲ್ಲಿ ಕನಿಷ್ಠ ಐದು, ಎರಡು ವಾರ ಹೆಚ್ಚುಕಡಿಮೆ ದಿನವೂ ಇರ್ಬೇಕು. ಆ ಐದರಲ್ಲಿ ಬೇಸರ ಅಥವಾ ಆಸಕ್ತಿ ಇಲ್ಲದಿರುವುದು, ಎರಡರಲ್ಲಿ ಒಂದಾದ್ರೂ ಇರಲೇಬೇಕು. ತೀವ್ರತೆ ಅಳೆಯಲಿಕ್ಕೆ ಪಿಎಚ್‌ಕ್ಯೂ-9 ಪ್ರಶ್ನಾವಳಿ ಕನ್ನಡದಲ್ಲೇ ಸಿಗ್ತದೆ: 27ಕ್ಕೆ ಅಂಕ, 10 ಮುಟ್ಟಿದ್ರೆ ಗಮನಿಸ್ಬೇಕು, 20 ಮುಟ್ಟಿದ್ರೆ ತೀವ್ರ. ಖರ್ಚು ಒಂದು ಹಾಳೆ.

ಇನ್ನು ಸಿಆರ್‌ಪಿ. 2019ರಲ್ಲಿ ಹಲವು ಅಧ್ಯಯನ ಒಟ್ಟು ಹಾಕಿ ನೋಡಿದಾಗ ಖಿನ್ನತೆ ಇರುವವರಲ್ಲಿ ಸುಮಾರು ಕಾಲು ಭಾಗದವರಿಗೆ ಮಾತ್ರ 3 ಎಂಜಿ/ಲೀಟರ್‌ಗಿಂತ ಮೇಲೆ ಇತ್ತು. ಉಳಿದ ಮುಕ್ಕಾಲು ಪಾಲಿನವರ ರಿಪೋರ್ಟ್ ನೋಡಿ "ನಿಮಗೇನೂ ಇಲ್ಲ" ಅನ್ಲಿಕ್ಕೆ ಆಗ್ತದಾ? ಬ್ರಿಟನ್ನಿನ ಬಯೋಬ್ಯಾಂಕ್ (ಲಕ್ಷಗಟ್ಟಲೆ ಜನರ ಆರೋಗ್ಯ ಮಾಹಿತಿಯ ಸಂಗ್ರಹ) ಲೆಕ್ಕದಲ್ಲಿ 3ರ ಮೇಲೆ ಇದ್ದವರು ಖಿನ್ನತೆಯ ಗುಂಪಿನಲ್ಲಿ 21.2%, ಇಲ್ಲದವರ ಗುಂಪಿನಲ್ಲಿ 16.8%. ವ್ಯತ್ಯಾಸ ನಿಜ. ಆದ್ರೆ ಎದುರು ಕೂತ ಒಬ್ಬ ಮನುಷ್ಯನ ವಿಷಯದಲ್ಲಿ ಅದು ಹೆಚ್ಚೇನೂ ಹೇಳುದಿಲ್ಲ.

ಸ್ವರ್ಣಾ ತೀರ
ಹಾಗಾದ್ರೆ ಉರಿಯೂತಕ್ಕೂ ಖಿನ್ನತೆಗೂ ಸಂಬಂಧ ಅಂತ ಹೇಳುದು ಬರೀ ಬೊಗಳೆಯಾ? ಇಲ್ಲಿ ಒಂದು ಬದಿ ಮಾತ್ರ ಕಾಣ್ತಾ ಉಂಟು.

ಮಣಿಪಾಲ ಮಳೆ
ಬೊಗಳೆ ಅಲ್ಲವೇ ಅಲ್ಲ. ಹೆಪಟೈಟಿಸ್ ಸಿಗೆ ಇಂಟರ್‌ಫೆರಾನ್-ಆಲ್ಫಾ (ರೋಗನಿರೋಧಕ ವ್ಯವಸ್ಥೆಯನ್ನು ಕೆರಳಿಸುವ ಸೈಟೊಕೈನ್) ಇಂಜೆಕ್ಷನ್ ಕೊಡುತ್ತಿದ್ದ ಕಾಲದಲ್ಲಿ, ಅದುವರೆಗೆ ಚೆನ್ನಾಗಿದ್ದವರಲ್ಲೂ ಹಲವರು ಕೆಲವೇ ವಾರಗಳಲ್ಲಿ ಖಿನ್ನತೆಗೆ ಜಾರುತ್ತಿದ್ದರು. ಮೊದಲು ಬರುವುದು ಸುಸ್ತು, ಹಸಿವಿಲ್ಲದಿರುವುದು, ನಿದ್ದೆಗೇಡು; ಬೇಸರ, ಅಳು ಆಮೇಲೆ. ಮೆಲನೋಮಾ (ಒಂದು ಬಗೆಯ ಚರ್ಮದ ಕ್ಯಾನ್ಸರ್) ರೋಗಿಗಳಿಗೆ ಇಂಟರ್‌ಫೆರಾನ್ ಶುರು ಮಾಡುವ ಮೊದಲೇ ಪ್ಯಾರಾಕ್ಸೆಟಿನ್ ಎಂಬ ಖಿನ್ನತೆಯ ಮಾತ್ರೆ ಕೊಟ್ಟರೆ ಈ ಖಿನ್ನತೆ ಗಣನೀಯವಾಗಿ ತಗ್ಗುತ್ತದೆ ಎಂದು 2001ರಲ್ಲೇ ತೋರಿಸಿದ್ದಾರೆ. ರೋಗನಿರೋಧಕ ವ್ಯವಸ್ಥೆಯನ್ನು ಕೆಣಕಿದರೆ ಮನಸ್ಸು ಕುಸಿಯಬಹುದು ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ.

ದಾರಿಯೂ ಅಲ್ಪಸ್ವಲ್ಪ ಗೊತ್ತಿದೆ. ಸೈಟೊಕೈನ್‌ಗಳು ಐಡಿಒ ಎಂಬ ಕಿಣ್ವವನ್ನು ಚುರುಕುಗೊಳಿಸುತ್ತವೆ. ಆಗ ಸೆರೊಟೋನಿನ್‌ಗೆ ಕಚ್ಚಾವಸ್ತುವಾದ ಟ್ರಿಪ್ಟೊಫ್ಯಾನ್, ಕೈನುರೆನಿನ್ ಎಂಬ ಬೇರೆ ವಸ್ತುವಿನ ಕಡೆಗೆ ಹೆಚ್ಚು ಹರಿಯುತ್ತದೆ. ಆ ದಾರಿಯ ಒಂದು ಉತ್ಪನ್ನ, ಕ್ವಿನೊಲಿನಿಕ್ ಆಮ್ಲ, ಮಿದುಳಿನ ಗ್ಲುಟಮೇಟ್ ಗ್ರಾಹಕಗಳನ್ನು ಉದ್ರೇಕಿಸುತ್ತದೆ. ಇನ್ನೊಂದು ಕಡೆ ಆಸಕ್ತಿ, ಉತ್ಸಾಹಕ್ಕೆ ಬೇಕಾದ ಡೋಪಮೈನ್ ವ್ಯವಸ್ಥೆ ಮಂಕಾಗುತ್ತದೆ. ಉರಿಯೂತದ ಜತೆ ಬರುವ ಖಿನ್ನತೆಯಲ್ಲಿ "ಯಾವುದರಲ್ಲೂ ರುಚಿ ಇಲ್ಲ, ಮೈ ಏಳುವುದಿಲ್ಲ" ಎಂಬ ದೂರೇ ಮುಂದಿರುವುದು ಇದಕ್ಕೇ ಇರಬೇಕು.

ಅಂಕಿ ಲೆಕ್ಕ
ಅದೇ ಬಯೋಬ್ಯಾಂಕ್ ಅಧ್ಯಯನದ ಇನ್ನೊಂದು ಅರ್ಧವನ್ನೂ ಹೇಳಿ. ಖಿನ್ನತೆಯ ಆನುವಂಶಿಕ ಅಪಾಯಕ್ಕೂ ಸಿಆರ್‌ಪಿಗೂ ಕಂಡ ನಂಟು, ತೂಕ ಮತ್ತು ಧೂಮಪಾನವನ್ನು ಲೆಕ್ಕಕ್ಕೆ ತೆಗೆದುಕೊಂಡ ಕೂಡಲೇ ಮಾಯ. ಹೊಟ್ಟೆಯ ಕೊಬ್ಬೇ ಐಎಲ್-6 ಬಿಡ್ತದೆ, ಆ ಐಎಲ್-6 ಪಿತ್ತಜನಕಾಂಗಕ್ಕೆ ಸಿಆರ್‌ಪಿ ಮಾಡು ಅಂತ ಹೇಳ್ತದೆ. ಸೊಂಟದ ಅಳತೆ 104 ಸೆಂ.ಮೀ. ಇದ್ದವರ ಸಿಆರ್‌ಪಿ 4.6 ಬಂದ್ರೆ ಅದು ಖಿನ್ನತೆಯ ಕಥೆ ಹೇಳ್ತಾ ಉಂಟು ಅಂತ ಯಾಕೆ ನಂಬ್ಬೇಕು?

ಮಣಿಪಾಲ ಮಳೆ
ನಂಟೆಲ್ಲ ಮಾಯ ಎಂದಿಲ್ಲ. ಆನುವಂಶಿಕ ಭಾಗದ ನಂಟು ಹೋಗುತ್ತದೆ. ಖಿನ್ನತೆ ಇದ್ದವರಲ್ಲಿ ಸಿಆರ್‌ಪಿ ಹೆಚ್ಚಿರುವುದು ತೂಕ, ಬೀಡಿ–ಸಿಗರೇಟು ಕಳೆದರೂ ಸ್ವಲ್ಪ ಉಳಿಯುತ್ತದೆ. ಅರ್ಧ ಹೇಳಿದ್ದು ಯಾರು ಈಗ?

ಕಲ್ಸಂಕ ಸಿಗ್ನಲ್
ಪಾಪ್‌ಕಾರ್ನ್ ಅಲ್ಲ, ಗೋಳಿಬಜೆ ತರ್ತೇನೆ. ಮುಂದುವರಿಸಿ.

ಬಯೋಕೆಮ್ ಬೆಂಚು
ಜಗಳ ಆಮೇಲೆ. ಮೊದಲು ರಿಪೋರ್ಟ್ ಓದುವುದು ಸರಿ ಇರಲಿ, ಅರ್ಧ ಗೊಂದಲ ಅಲ್ಲೇ ಹುಟ್ಟುದು.

ಯೂನಿಟ್ ನೋಡಿ. ಕೆಲವು ಕಡೆ ಎಂಜಿ/ಲೀಟರ್, ಕೆಲವು ಕಡೆ ಎಂಜಿ/ಡೆಸಿಲೀಟರ್. ಹತ್ತು ಪಟ್ಟು ವ್ಯತ್ಯಾಸ. 0.46 ಎಂಜಿ/ಡೆಸಿಲೀಟರ್ ಮತ್ತು 4.6 ಎಂಜಿ/ಲೀಟರ್ ಎರಡೂ ಒಂದೇ. 0.46 ನೋಡಿ "ಅಬ್ಬಾ, ಒಂದಕ್ಕಿಂತ ಕಮ್ಮಿ" ಅಂತ ನಿಟ್ಟುಸಿರು ಬಿಡುವವರು ಬೇಕಾದಷ್ಟು.

ಎರಡನೆಯದು, ಯಾವ ಸಿಆರ್‌ಪಿ? ಸಣ್ಣ ಲ್ಯಾಬುಗಳಲ್ಲಿ ಇನ್ನೂ ಲ್ಯಾಟೆಕ್ಸ್ ಸ್ಲೈಡ್ ಉಂಟು: ಕಪ್ಪು ವೃತ್ತದಲ್ಲಿ 50 ಮೈಕ್ರೋಲೀಟರ್ ಸೀರಮ್, ಒಂದು ಹನಿ ರಿಯೇಜೆಂಟ್, ಕಡ್ಡಿಯಲ್ಲಿ ಕಲಸಿ ಎರಡು ನಿಮಿಷ ತಿರುಗಿಸುದು, ಮೊಸರೊಡೆದ ಹಾಗೆ ಕಾಳು ಕಂಡ್ರೆ ಪಾಸಿಟಿವ್. ಅದರ ಮಿತಿ ಸಾಮಾನ್ಯವಾಗಿ 6 ಎಂಜಿ/ಲೀಟರ್. ಅಂದ್ರೆ 4.6 ಇದ್ರೂ "ನೆಗೆಟಿವ್" ಅಂತಲೇ ಬರ್ತದೆ. ಎರಡು ನಿಮಿಷದ ನಂತರ ಓದಿದ್ರೆ ಅಂಚು ಒಣಗಿ ಸುಳ್ಳು ಪಾಸಿಟಿವ್. ರಿಯೇಜೆಂಟ್ ಫ್ರಿಜ್‌ನಿಂದ ತೆಗೆದ ಕೂಡಲೇ ಹಾಕಿದ್ರೆ ಕಾಳು ಕಟ್ಟುದು ನಿಧಾನ. ಸಿಆರ್‌ಪಿ ತುಂಬಾ ಜಾಸ್ತಿ ಇದ್ರೆ ಪ್ರೊಜೋನ್ ಆಗಿ, ಅಂದ್ರೆ ಅತಿಯಾದದ್ದಕ್ಕೇ ಕಾಳು ಕಟ್ಟದೆ, ಮತ್ತೆ ನೆಗೆಟಿವ್. ಆವಾಗ ಸೀರಮ್ ತೆಳು ಮಾಡಿ ಪುನಃ ನೋಡ್ಬೇಕು. ಖಿನ್ನತೆಯ ಚರ್ಚೆಯೆಲ್ಲ ನಡೆಯುದು 1ರಿಂದ 5ರ ಒಳಗೆ. ಅಲ್ಲಿಗೆ ಎಚ್‌ಎಸ್-ಸಿಆರ್‌ಪಿಯೇ ಬೇಕು, ಟರ್ಬಿಡಿಮೆಟ್ರಿ (ದ್ರವ ಎಷ್ಟು ಮಬ್ಬಾಯ್ತು ಅಂತ ಬೆಳಕಿನಿಂದ ಅಳೆಯುವ) ಯಂತ್ರದ್ದು.

ಮೂರನೆಯದು, ಒಂದು ಸಲದ ಅಂಕಿಯನ್ನು ಹಿಡ್ಕೊಂಡು ಕೂರ್ಬೇಡಿ. ಆರೋಗ್ಯವಾಗಿರುವ ಒಬ್ಬರಲ್ಲೇ ವಾರದಿಂದ ವಾರಕ್ಕೆ ಸಿಆರ್‌ಪಿ 40%ದಷ್ಟು ಆಚೀಚೆ ಆಗ್ತದೆ. 2.4 ಇದ್ದದ್ದು 3.3 ಆದ್ರೆ "ಏರಿತು" ಅಂತ ಅರ್ಥ ಅಲ್ಲ. ಎರಡು ವಾರ ಬಿಟ್ಟು ಎರಡು ಸಲ ನೋಡಿ ಸರಾಸರಿ ತೆಗೀರಿ. 10 ದಾಟಿದ್ರೆ ಆ ಅಂಕಿಯನ್ನು ಮನಸ್ಸಿನ ಲೆಕ್ಕಕ್ಕೆ ತರ್ಲೇಬೇಡಿ, ಸೋಂಕು ಎಲ್ಲಿ ಉಂಟು ಅಂತ ಹುಡುಕಿ.

ಕಾಪು ದೀಪಸ್ತಂಭ
ಖಾಲಿ ಹೊಟ್ಟೆ ಬೇಕಾ?

ಬಯೋಕೆಮ್ ಬೆಂಚು
ಸಿಆರ್‌ಪಿಗೆ ಬೇಡ. ದಿನದ ಯಾವ ಹೊತ್ತಾದ್ರೂ ಆಗ್ತದೆ. ನೆಯ್ ರೋಸ್ಟ್ ತಿಂದು ಸೀದಾ ಹೋದ್ರೆ ಸೀರಮ್ ಹಾಲಿನ ಹಾಗೆ ಆಗಿ ಟರ್ಬಿಡಿಮೆಟ್ರಿಗೆ ಅಡ್ಡಿ ಆಗಬಹುದು, ಅಷ್ಟೇ. ಐಎಲ್-6ಗೆ ಮಾತ್ರ ಹೊತ್ತು ಮುಖ್ಯ, ಅದು ದಿನದಲ್ಲಿ ಏರಿಳೀತದೆ.

ಪಡುಬಿದ್ರಿ ಬೀಚು
ಮಳೆಗಾಲದಲ್ಲಿ ನಮ್ಮ ಕಡೆ ಈ ಟೆಸ್ಟ್ ಮಾಡುದೇ ವೇಸ್ಟ್ ಅಲ್ವಾ? ಅರ್ಧ ಊರಿಗೆ ಜ್ವರ.

ಒಪಿಡಿ ಚೀಟಿ
ವೇಸ್ಟ್ ಅಲ್ಲ, ಆದ್ರೆ ಕೇಳಿ ಮಾಡ್ಬೇಕು. ಮಂಗಳೂರಿನ ಮಲೇರಿಯಾ, ಗದ್ದೆ–ತೋಟದ ಕೆಲಸದವರಲ್ಲಿ ಇಲಿಜ್ವರ, ಎರಡೂ ಸಿಆರ್‌ಪಿಯನ್ನು ಹತ್ತರ ಆಚೆ ಎಳೀತವೆ. ಸಿಆರ್‌ಪಿಯ ಅರ್ಧಾಯುಷ್ಯ ಸುಮಾರು 19 ಗಂಟೆ. ಪ್ರಚೋದನೆ ನಿಂತ್ರೆ ಬೇಗ ಇಳೀತದೆ, ಆದ್ರೆ ಜ್ವರ ಬಿಟ್ಟ ದಿನವೇ ಒಳಗಿನ ಪ್ರಚೋದನೆ ನಿಲ್ಲುದಿಲ್ಲ. ಎರಡು–ಮೂರು ವಾರ ಕಾಯುದು ಒಳ್ಳೇದು. ರಕ್ತ ಕೊಡುವ ಮೊದಲು ಇಷ್ಟು ಕೇಳಿ: ಇತ್ತೀಚೆಗೆ ಜ್ವರ, ಲಸಿಕೆ, ಹಲ್ಲು ಕೀಳಿಸಿದ್ದು, ಒಸಡಿನ ರಕ್ತ, ಪೆಟ್ಟು, ಹಿಂದಿನ ದಿನ ವಿಪರೀತ ವ್ಯಾಯಾಮ, ಗರ್ಭ, ಬಾಣಂತನ, ಗರ್ಭನಿರೋಧಕ ಮಾತ್ರೆ. ಈಸ್ಟ್ರೊಜೆನ್ ಇರುವ ಮಾತ್ರೆ ಒಂದೇ ಸಾಕು, 1 ಇದ್ದದ್ದು 3ರ ಹತ್ತಿರ ಹೋಗ್ಲಿಕ್ಕೆ.

ಔಷಧಿ ಕೌಂಟರ್
ನೋವಿನ ಮಾತ್ರೆಯನ್ನೂ ಸೇರಿಸಿ. ಡೈಕ್ಲೊಫೆನ್ಯಾಕ್ ತಿಂದು ಹೋದ್ರೆ ಸಿಆರ್‌ಪಿ ಸುಳ್ಳೇ ಕಮ್ಮಿ ಬರ್ತದೆ.

ಬಯೋಕೆಮ್ ಬೆಂಚು
ಬರುದಿಲ್ಲ. ನೋವಿನ ಮಾತ್ರೆ ನೋವು ಹೆಚ್ಚಿಸುವ ಪ್ರೊಸ್ಟಗ್ಲಾಂಡಿನ್ ತಡೀತದೆ, ಐಎಲ್-6 ಹೇಳಿದ್ದನ್ನು ಪಿತ್ತಜನಕಾಂಗ ಕೇಳದಂತೆ ಮಾಡುದಿಲ್ಲ. ಸಿಆರ್‌ಪಿ ಇಳಿಸುದು ಸ್ಟೀರಾಯ್ಡ್ ಮತ್ತು ಸ್ಟ್ಯಾಟಿನ್ (ಕೊಲೆಸ್ಟರಾಲ್ ಮಾತ್ರೆ). ಅಟೋರ್ವಾಸ್ಟ್ಯಾಟಿನ್ ತೆಗೊಳ್ಳುವವರ ಅಂಕಿಯನ್ನು ಆ ಕಣ್ಣಿಂದಲೇ ಓದ್ಬೇಕು.

ಕದ್ರಿ ಏರು
ಪಟ್ಟಿಯ ಕೊನೆಯ ಐಟಂಗೆ ಬನ್ನಿ. ರಕ್ತದ ಸೆರೊಟೋನಿನ್ ಪರೀಕ್ಷೆ ಇರುದು ಸೆರೊಟೋನಿನ್ ಸುರಿಸುವ ಕಾರ್ಸಿನಾಯ್ಡ್ ಅನ್ನುವ ಗಡ್ಡೆಯ ಸಂಶಯಕ್ಕೆ. ದೇಹದ ಸೆರೊಟೋನಿನ್ ಬಹುಪಾಲು ಕರುಳಿನದ್ದು, ರಕ್ತದಲ್ಲಿ ಅದು ಪ್ಲೇಟ್‌ಲೆಟ್ ಒಳಗೆ ಕೂತಿರ್ತದೆ, ಮಿದುಳಿಗೆ ದಾಟುದಿಲ್ಲ. ಅದನ್ನು ಅಳೆದು ಮನಸ್ಸಿನ ಸ್ಥಿತಿ ಹೇಳುದು ಅಂದ್ರೆ ಆಗುಂಬೆಯ ಮಳೆ ಅಳೆದು ಮಲ್ಪೆಯ ಉಬ್ಬರ ಹೇಳಿದ ಹಾಗೆ. ಇನ್ನೊಂದು ತಮಾಷೆ: ಎಸ್‌ಎಸ್‌ಆರ್‌ಐ ಮಾತ್ರೆ (ಖಿನ್ನತೆಗೆ ಹೆಚ್ಚಾಗಿ ಕೊಡುವ ಗುಂಪು) ಸರಿಯಾಗಿ ಕೆಲಸ ಮಾಡ್ತಾ ಇದ್ರೆ ಪ್ಲೇಟ್‌ಲೆಟ್ ಸೆರೊಟೋನಿನ್ ಒಳಗೆ ಎಳ್ಕೊಳ್ಲಿಕ್ಕೆ ಆಗದೆ ಈ ಅಂಕಿ ಕುಸೀತದೆ. ಗುಣ ಆಗ್ತಾ ಇರುವವರ ರಿಪೋರ್ಟಲ್ಲಿ "ಸೆರೊಟೋನಿನ್ ತೀರಾ ಕಡಿಮೆ" ಅಂತ ಕೆಂಪಕ್ಷರ! ಅದನ್ನು ನೋಡಿ ಮಾತ್ರೆ ಬಿಟ್ಟವರನ್ನು ವಾಪಸು ತರುದು ಯಾರು?

ಬಯೋಕೆಮ್ ಬೆಂಚು
ಐಎಲ್-6 ಬಗ್ಗೆಯೂ ಹೇಳ್ಲಿಕ್ಕುಂಟು. ಸಾಮಾನ್ಯ ಯಂತ್ರಗಳ ಕಿಟ್ ಸೆಪ್ಸಿಸ್‌ಗೆ (ಮೈಯೆಲ್ಲ ಕೆಡಿಸುವ ತೀವ್ರ ಸೋಂಕಿಗೆ) ಅಂತ ಮಾಡಿದ್ದು. 7 ಪಿಕೋಗ್ರಾಂ/ಮಿ.ಲೀ. ಒಳಗೆ ನಾರ್ಮಲ್, 1.5ಕ್ಕಿಂತ ಕೆಳಗೆ ಅದಕ್ಕೆ ಕಾಣುದೇ ಇಲ್ಲ. ಖಿನ್ನತೆಯ ಅಧ್ಯಯನಗಳಲ್ಲಿ ಎರಡು ಗುಂಪುಗಳ ವ್ಯತ್ಯಾಸ ಒಂದೆರಡು ಪಿಕೋಗ್ರಾಂ. ಅದೂ ಸ್ಯಾಂಪಲ್ಲನ್ನು ಬೇಗ ಸೆಂಟ್ರಿಫ್ಯೂಜ್ ಮಾಡಿ, ಮೈನಸ್ 80ರಲ್ಲಿಟ್ಟು, ಹೈ-ಸೆನ್ಸಿಟಿವಿಟಿ ಕಿಟ್‌ನಲ್ಲಿ ಎರಡೆರಡು ಸಲ ಓಡಿಸಿದ್ದು. ಬೈಂದೂರಿನಲ್ಲಿ ಬೆಳಗ್ಗೆ ತೆಗೆದ ರಕ್ತ ಸಂಜೆಯ ಬಸ್ಸಲ್ಲಿ ಹೊರಟು ಮರುದಿನ ಬೇರೆ ಊರಿನ ಯಂತ್ರಕ್ಕೆ ಹೋದ್ರೆ, ಟ್ಯೂಬಿನೊಳಗೆ ಬಿಳಿ ರಕ್ತಕಣಗಳು ಸುಮ್ಮನೆ ಕೂತಿರುದಿಲ್ಲ. ಟಿಎನ್‌ಎಫ್‌ನದ್ದೂ ಇದೇ ಪಾಡು. ಬಿಡಿಎನ್‌ಎಫ್ (ನರಕೋಶ ಬೆಳೆಸುವ ಪ್ರೋಟೀನ್) ಅಂತ ಇನ್ನೊಂದು ಮಾರ್ತಾರೆ, ರಕ್ತದಲ್ಲಿ ಅದು ಪ್ಲೇಟ್‌ಲೆಟ್‌ನಿಂದ ಹೆಪ್ಪುಗಟ್ಟುವಾಗ ಹೊರಬರುವ ವಸ್ತು. ರಕ್ತ ಎಷ್ಟು ಹೊತ್ತು ಹೆಪ್ಪಾಗ್ಲಿಕ್ಕೆ ಬಿಟ್ಟಿದ್ದೀರಿ ಅನ್ನುದರ ಮೇಲೆ ಅಂಕಿ.

ಪಡುಬಿದ್ರಿ ಬೀಚು
ಸಾವು ಮಾರಾಯ್ರೆ, ಹಾಗಾದ್ರೆ ಉಳಿದದ್ದು ಎಂತ?

ಒಪಿಡಿ ಚೀಟಿ
ಉಳಿದದ್ದರಲ್ಲಿ ಹೆಚ್ಚಿನದ್ದು ಆ ಪಟ್ಟಿಯಲ್ಲೇ ಇಲ್ಲ! ನೋಡಿ, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ಎಲ್ಲಿ? ಸಿಬಿಸಿ (ರಕ್ತಕಣಗಳ ಲೆಕ್ಕ) ಎಲ್ಲಿ? ಸುಸ್ತು, ನಿಧಾನ, ತೂಕ, ಮರೆವು ಅಂತ ಬಂದವರಿಗೆ ಥೈರಾಯ್ಡ್ ನೋಡದೆ ಐಎಲ್-6 ನೋಡುದು ಯಾವ ನ್ಯಾಯ? ಮೊದಲು ಬೇಕಾದದ್ದು ಸಿಬಿಸಿ, ಟಿಎಸ್‌ಎಚ್, ಬಿ12, ಸಕ್ಕರೆ, ಕ್ರಿಯಾಟಿನಿನ್, ಸೋಡಿಯಂ. ಬಿ12 ಸಸ್ಯಾಹಾರಿಗಳಿಗೆ ಮಾತ್ರ ಅಲ್ಲ, ವರ್ಷಗಟ್ಟಲೆ ಸಕ್ಕರೆಗೆ ಮೆಟ್‌ಫಾರ್ಮಿನ್ ಅಥವಾ ಗ್ಯಾಸ್ಟ್ರಿಕ್‌ಗೆ ಪ್ಯಾಂಟಪ್ರಜೋಲ್ ತಿನ್ನುವವರಿಗೂ. ಸೋಡಿಯಂ ಯಾಕೆ ಅಂದ್ರೆ 65 ದಾಟಿದವರಿಗೆ ಎಸ್‌ಎಸ್‌ಆರ್‌ಐ ಶುರು ಮಾಡಿದ ಮೊದಲ ಕೆಲವು ವಾರಗಳಲ್ಲಿ ಅದು ಕುಸೀಬಹುದು. ಬಿಪಿಗೆ ಹೈಡ್ರೊಕ್ಲೋರೊಥಯಾಜೈಡ್ ಇದ್ರಂತೂ ಇನ್ನೂ ಜಾಗ್ರತೆ. ತಲೆಸುತ್ತು, ಗೊಂದಲ ಬಂದ್ರೆ "ಡಿಪ್ರೆಶನ್ ಜಾಸ್ತಿ ಆಯ್ತು" ಅಂತ ಡೋಸ್ ಏರಿಸುವ ಮೊದಲು ಸೋಡಿಯಂ ನೋಡಿ.

ಫೆರಿಟಿನ್ ಇರುದು ಒಳ್ಳೇದೇ, ಆದ್ರೆ ಸಿಆರ್‌ಪಿ ಜತೆಗೇ ಓದ್ಬೇಕು. ಉರಿಯೂತ ಇದ್ದಾಗ ಫೆರಿಟಿನ್ ತಾನಾಗಿ ಏರ್ತದೆ. ಕಬ್ಬಿಣ ಖಾಲಿ ಇದ್ರೂ ರಿಪೋರ್ಟಲ್ಲಿ 50 ಅಂತ ನಾರ್ಮಲ್ ಕಾಣ್ತದೆ. ಇಎಸ್‌ಆರ್ ಉಲ್ಟಾ ಮೋಸ: ರಕ್ತಹೀನತೆ ಒಂದೇ ಅದನ್ನು ಏರಿಸ್ಲಿಕ್ಕೆ ಸಾಕು.

ಔಷಧಿ ಕೌಂಟರ್
ಕೂದಲು ಉದುರುದಕ್ಕೆ ಬಯೋಟಿನ್ ವಿಟಮಿನ್ 10 ಎಂಜಿ ತಿನ್ನುವವರು ಟಿಎಸ್‌ಎಚ್ ಕೊಡುವ ಮೊದಲು ಕನಿಷ್ಠ ಎರಡು ದಿನ ನಿಲ್ಲಿಸಿ. ಬಯೋಟಿನ್ ಮತ್ತು ಸ್ಟ್ರೆಪ್ಟಾವಿಡಿನ್ ಅನ್ನುವ ಪ್ರೋಟೀನ್ ಒಂದಕ್ಕೊಂದು ಅಂಟುವ ಹಿಡಿತದ ಮೇಲೆ ನಿಂತ ಕಿಟ್‌ಗಳಲ್ಲಿ ಟಿಎಸ್‌ಎಚ್ ಸುಳ್ಳೇ ಕಮ್ಮಿ ಬರ್ತದೆ.

ಬಯೋಕೆಮ್ ಬೆಂಚು
ಇದು ನೂರಕ್ಕೆ ನೂರು ಸರಿ.

ಸ್ವರ್ಣಾ ತೀರ
ಔಷಧಿ ಆಯ್ಕೆಗೆ ಸಿಆರ್‌ಪಿ ಉಪಯೋಗ "ಇಲ್ಲ" ಅಂತ ಕದ್ರಿಯವರು ಒಂದೇ ಗೆರೆಯಲ್ಲಿ ಮುಗಿಸಿದ್ರು. 2014ರ ಯುರೋಪಿನ ಅಧ್ಯಯನದಲ್ಲಿ ಸಿಆರ್‌ಪಿ 1ಕ್ಕಿಂತ ಕಮ್ಮಿ ಇದ್ದವರಿಗೆ ಎಸ್ಸಿಟಲೊಪ್ರಾಮ್ (ಒಂದು ಎಸ್‌ಎಸ್‌ಆರ್‌ಐ), ಜಾಸ್ತಿ ಇದ್ದವರಿಗೆ ನಾರ್‌ಟ್ರಿಪ್ಟಿಲಿನ್ (ಹಳೇ ಬಗೆಯ ಖಿನ್ನತೆ ಮಾತ್ರೆ) ಹೆಚ್ಚು ಕೆಲಸ ಮಾಡಿದೆ. 2017ರಲ್ಲಿ ಅಮೆರಿಕದಲ್ಲಿ 1ರ ಮೇಲೆ ಇದ್ದವರಿಗೆ ಎಸ್ಸಿಟಲೊಪ್ರಾಮ್ ಜತೆ ಬುಪ್ರೊಪಿಯಾನ್ (ಡೋಪಮೈನ್ ಮೇಲೆಯೂ ಕೆಲಸ ಮಾಡುವ ಇನ್ನೊಂದು ಖಿನ್ನತೆ ಮಾತ್ರೆ) ಸೇರಿಸಿದ್ದು ಉತ್ತಮ ಅಂತ ಬಂತು. ಎರಡು ಕಡೆ ಒಂದೇ ಗೆರೆ, 1. ಇದನ್ನು ತಳ್ಳಿಹಾಕುದು ಹೇಗೆ?

ಅಂಕಿ ಲೆಕ್ಕ
ಎರಡೂ ಮೊದಲೇ ಮುಗಿದ ಪ್ರಯೋಗದ ದತ್ತಾಂಶವನ್ನು ಆಮೇಲೆ ಸೀಳಿ ನೋಡಿದ್ದು. 2014ರದ್ದರಲ್ಲಿ 241 ಜನ. ಸಿಆರ್‌ಪಿ ನೋಡಿ ಔಷಧಿ ಹಂಚಿ, ನೋಡದೆ ಹಂಚಿದ ಗುಂಪಿಗಿಂತ ಮೇಲು ಅಂತ ಗೆಲ್ಲುವ ತನಕ ಅದು ಸುಳಿವು ಮಾತ್ರ.

ಒಪಿಡಿ ಚೀಟಿ
ಸುಳಿವಿನ ಬೆನ್ನು ಹಿಡಿದು ನಾರ್‌ಟ್ರಿಪ್ಟಿಲಿನ್ ಬರೆಯುವವರು ಒಂದು ನೆನಪಿಡಿ: ಅದು ಮಿತಿಮೀರಿದ್ರೆ ಹೃದಯದ ಲಯ ತಪ್ಪಿಸ್ತದೆ. ಇಸಿಜಿ ನೋಡ್ಬೇಕು, ಸಾಯುವ ಯೋಚನೆ ಇರುವವರ ಕೈಗೆ ತಿಂಗಳ ಮಾತ್ರೆ ಒಟ್ಟಿಗೆ ಕೊಡ್ಬಾರ್ದು. ವಾರ ವಾರ ಕೊಡಿ, ಮನೆಯವರ ಹತ್ತಿರ ಇರಲಿ.

ಮಣಿಪಾಲ ಮಳೆ
ಔಷಧಿಯಿಂದಲೇ ಉರಿಯೂತ ತಗ್ಗಿಸಿ ನೋಡಿದ್ದಾರೆ. 2013ರ ಇನ್‌ಫ್ಲಿಕ್ಸಿಮ್ಯಾಬ್ (ಟಿಎನ್‌ಎಫ್ ತಡೆಯುವ ಔಷಧಿ) ಪ್ರಯೋಗ: ಮಾತ್ರೆಗೆ ಬಗ್ಗದ ಖಿನ್ನತೆಯ 60 ಜನ, ಮೂರು ಸಲ ಡ್ರಿಪ್. ಒಟ್ಟಾರೆ ಪ್ಲಸಿಬೊಗಿಂತ (ಮದ್ದಿಲ್ಲದ ಹುಸಿ ಡ್ರಿಪ್‌ಗಿಂತ) ಮೇಲಾಗಲಿಲ್ಲ. ಆದರೆ ಸಿಆರ್‌ಪಿ 5 ದಾಟಿದ್ದವರಲ್ಲಿ ಪ್ರಯೋಜನದ ಲಕ್ಷಣ ಕಂಡಿತು, ಕಡಿಮೆ ಇದ್ದವರಲ್ಲಿ ಪ್ಲಸಿಬೊವೇ ಮುಂದೆ. ನನಗೆ ಮುಖ್ಯ ಎನಿಸುವುದು ಈ ಎರಡನೆಯ ಅರ್ಧ. ಉರಿಯೂತ ಇಲ್ಲದವರಿಗೆ ಉರಿಯೂತದ ಮದ್ದು ಕೊಟ್ಟರೆ ಬರೀ ನಷ್ಟವಲ್ಲ, ತೊಂದರೆಯೂ ಆಗಬಹುದು. ಉರಿಯೂತವನ್ನೂ ತಗ್ಗಿಸುವ ಆ್ಯಂಟಿಬಯೋಟಿಕ್ ಮಿನೊಸೈಕ್ಲಿನ್ ಕೂಡ ಹಾಗೆಯೇ ತೂಗಾಡುತ್ತಿದೆ: 2021ರ ಸಣ್ಣ ಪ್ರಯೋಗದಲ್ಲಿ 3 ದಾಟಿದವರಿಗೆ ಅನುಕೂಲ, 2022ರ ಜರ್ಮನಿಯ ದೊಡ್ಡ ಪ್ರಯೋಗದಲ್ಲಿ ಏನೂ ಇಲ್ಲ.

ಕಲ್ಸಂಕ ಸಿಗ್ನಲ್
ಅಂದ್ರೆ ದಿನಾ ಒಂದು ಐಬುಪ್ರೊಫೆನ್?

ಔಷಧಿ ಕೌಂಟರ್
ಬೇಡವೇ ಬೇಡ. ಎಸ್‌ಎಸ್‌ಆರ್‌ಐ ಜತೆ ನೋವಿನ ಮಾತ್ರೆ ಸೇರಿದ್ರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ ಎರಡರ ಮೊತ್ತಕ್ಕಿಂತ ಜಾಸ್ತಿ. ಮನಸ್ಸಿನ ಏರಿಳಿತಕ್ಕೆ ಲಿಥಿಯಂ ತಿನ್ನುವವರಿಗೆ ಐಬುಪ್ರೊಫೆನ್, ಡೈಕ್ಲೊಫೆನ್ಯಾಕ್ ಮೂತ್ರಪಿಂಡದಿಂದ ಲಿಥಿಯಂ ಹೊರಹೋಗುದನ್ನು ತಡೆದು ರಕ್ತದಲ್ಲಿ ಮಟ್ಟ ಏರಿಸ್ತವೆ: ಕೈ ನಡುಕ, ವಾಂತಿ, ತೊದಲು. ಅವರಿಗೆ ಪ್ಯಾರಸಿಟಮಾಲ್ ಸಾಕು.

ಬೂತಾಯಿ ಪುಳಿಮುಂಚಿ
ಮಾತ್ರೆ ಯಾಕೆ, ಬೂತಾಯಿ ಮೀನು ತಿನ್ನಿ. ಒಮೆಗಾ-3 ಪುಕ್ಕಟೆ.

ಪಡುಬಿದ್ರಿ ಬೀಚು
ಪುಕ್ಕಟೆಯಾ? ಜೂನ್–ಜುಲೈಯಲ್ಲಿ ಮಾರ್ಕೆಟ್ಟಿಗೆ ಹೋಗಿ ಬನ್ನಿ, ಟ್ರಾಲಿಂಗ್ ಬಂದ್ ಇರುವಾಗ.

ಮಣಿಪಾಲ ಮಳೆ
ಬೂತಾಯಿ, ಬಂಗುಡೆ ಎರಡೂ ಒಮೆಗಾ-3ಯ ಒಳ್ಳೆ ಮೂಲಗಳೇ. ಆದರೆ ಖಿನ್ನತೆಗೆ ಪ್ರಯೋಗಗಳಲ್ಲಿ ಕೆಲಸ ಮಾಡಿದ್ದು ಅದರ ಎರಡು ಬಗೆಗಳಲ್ಲಿ ಇಪಿಎ ಭಾಗ, ಡಿಎಚ್‌ಎ ಅಲ್ಲ. ದಿನಕ್ಕೆ 1ರಿಂದ 2 ಗ್ರಾಂ ಇಪಿಎ, ಒಟ್ಟು ಒಮೆಗಾ-3ಯಲ್ಲಿ ಕನಿಷ್ಠ 60% ಅದೇ ಇರಬೇಕು, ಮಾತ್ರೆಯ ಜತೆಗೆ, ಬದಲಿಗೆ ಅಲ್ಲ. 1000 ಎಂಜಿ ಎಂದು ಮುಂದೆ ಬರೆದ ಸಾಧಾರಣ ಮೀನೆಣ್ಣೆ ಕ್ಯಾಪ್ಸೂಲಿನ ಹಿಂದೆ ಓದಿ: ಇಪಿಎ 180, ಡಿಎಚ್‌ಎ 120. 1 ಗ್ರಾಂ ಇಪಿಎಗೆ ಅಂಥವು ಐದಾರು ಬೇಕು. ರಕ್ತ ತೆಳು ಮಾಡುವ ಮಾತ್ರೆ ಇರುವವರು ವೈದ್ಯರಿಗೆ ಹೇಳಿ ತೆಗೆದುಕೊಳ್ಳಿ.

ಕದ್ರಿ ಏರು
ಮೂರನೇ ಪ್ರಶ್ನೆಗೆ ನನ್ನ ಉತ್ತರ ಬಾಕಿ ಉಂಟು. 4.6 ಬಂದ್ರೆ: ಯೂನಿಟ್ ನೋಡಿ, ಎರಡು ವಾರ ಬಿಟ್ಟು ಇನ್ನೊಮ್ಮೆ ಮಾಡಿ. ಮತ್ತೂ 3ರ ಮೇಲೆ ಇದ್ರೆ ಒಸಡು, ಸೊಂಟ, ಬೀಡಿ, ಸಕ್ಕರೆ, ಬೆಳಗ್ಗಿನ ಗಂಟು ಬಿಗಿತ, ಗೊರಕೆ ಮತ್ತು ಉಸಿರುಗಟ್ಟುವ ನಿದ್ದೆ, ಇಷ್ಟನ್ನು ಹುಡುಕಿ. ಏನಾದ್ರೂ ಸಿಕ್ಕಿದ್ರೆ ಅದಕ್ಕೆ ಮದ್ದು ಮಾಡಿ, ಅದು ಖಿನ್ನತೆ ಇರ್ಲಿ ಬಿಡ್ಲಿ ಮಾಡ್ಬೇಕಾದ್ದೇ. ಖಿನ್ನತೆಯ ಚಿಕಿತ್ಸೆ ಮಾತ್ರ ಪಿಎಚ್‌ಕ್ಯೂ-9 ಅಂಕ ನೋಡಿಕೊಂಡು ನಡೀಲಿ. ಮಾತ್ರೆ ಸರಿ ಡೋಸ್‌ನಲ್ಲಿ ನಾಲ್ಕರಿಂದ ಆರು ವಾರ ಆಗುವ ಮೊದಲು "ಇದು ಉರಿಯೂತದ ಖಿನ್ನತೆ, ಮಾತ್ರೆ ನಾಟುದಿಲ್ಲ" ಅಂತ ತೀರ್ಮಾನ ಬೇಡ.

ಸ್ವರ್ಣಾ ತೀರ
ಗೊರಕೆ ಸೇರಿಸಿದ್ದು ಒಳ್ಳೇದಾಯ್ತು, ಅದನ್ನು ಯಾರೂ ಕೇಳುದೇ ಇಲ್ಲ. ಔಷಧಿ ಆಯ್ಕೆ ವಿಷಯದಲ್ಲಿ ನಾನು ಇನ್ನೂ ಒಪ್ಪುದಿಲ್ಲ. ಎಸ್‌ಎಸ್‌ಆರ್‌ಐ ಎರಡು ಸಲ ಸೋತು, ಸಿಆರ್‌ಪಿ ಪದೇಪದೇ ಮೇಲೆ ಇದ್ದು, ಆಸಕ್ತಿಯೇ ಸತ್ತು ಹೋಗಿದ್ರೆ ಬುಪ್ರೊಪಿಯಾನ್ ಕಡೆ ನೋಡುದ್ರಲ್ಲಿ ತಪ್ಪೇನು?

ಒಪಿಡಿ ಚೀಟಿ
ತಪ್ಪಿಲ್ಲ. ಆದ್ರೆ ಆ ರೋಗಿಗೆ ಸಿಆರ್‌ಪಿ ನೋಡದೆ ಇದ್ರೂ ಅದನ್ನೇ ಯೋಚಿಸ್ತಿದ್ರಿ. ಫಿಟ್ಸ್ ಇದ್ರೆ ಕೊಡ್ಬೇಡಿ.

ಮಾಡರೇಟರ್
ಓದುವವರಲ್ಲಿ ಯಾರಿಗಾದ್ರೂ ಬದುಕು ಬೇಡ ಅನ್ನಿಸ್ತಾ ಇದ್ರೆ ರಿಪೋರ್ಟಿಗೆ ಕಾಯ್ಬೇಡಿ. ಟೆಲಿ-ಮಾನಸ್ 14416, ಪುಕ್ಕಟೆ, ಹಗಲು ರಾತ್ರಿ, ಕನ್ನಡದಲ್ಲಿ ಮಾತಾಡಬಹುದು. ಮಂಗಳೂರಿನಲ್ಲಿ ವೆನ್ಲಾಕ್ ಜಿಲ್ಲಾಸ್ಪತ್ರೆಗೆ ಹೋಗಬಹುದು.

ಕಾಪು ದೀಪಸ್ತಂಭ
ಮೀನು ತಿನ್ನದವರಿಗೆ ಅಗಸೆ ಬೀಜ ನಡೀತದಾ?

ಮಣಿಪಾಲ ಮಳೆ
ಅಗಸೆಯಲ್ಲಿರುವುದು ಎಎಲ್‌ಎ ಎಂಬ ಸಸ್ಯದ ಒಮೆಗಾ-3. ಅದರಲ್ಲಿ ಇಪಿಎ ಆಗಿ ಬದಲಾಗುವುದು ತೀರಾ ಸ್ವಲ್ಪ. ಚಟ್ನಿಪುಡಿಗೆ ಒಳ್ಳೆಯದು, 1 ಗ್ರಾಂ ಇಪಿಎ ಲೆಕ್ಕಕ್ಕೆ ಬಾರದು. ಪಾಚಿ ಎಣ್ಣೆಯ ಕ್ಯಾಪ್ಸೂಲ್ ಸಿಗುತ್ತದೆ, ಆದರೆ ಬಹಳಷ್ಟರಲ್ಲಿ ಡಿಎಚ್‌ಎಯೇ ಜಾಸ್ತಿ. ಡಬ್ಬಿಯ ಹಿಂದೆ ಇಪಿಎ ಎಷ್ಟು ಎಂದು ಬರೆದಿಲ್ಲದಿದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ.

ಬೂತಾಯಿ ಪುಳಿಮುಂಚಿ
ಹುರಿದ್ರೆ ಇಪಿಎ ಹೋಗ್ತದಾ? ಇಲ್ಲಿ ಮನೆಯಲ್ಲಿ ಜಗಳ ಶುರುವಾಗಿದೆ.

ಬಯೋಕೆಮ್ ಬೆಂಚು
ಕಾವಲಿಯಲ್ಲಿ ಎಣ್ಣೆ ಹಾಕಿ ಹುರಿದ್ರೆ ಮೀನಿನ ಕೊಬ್ಬು ಸ್ವಲ್ಪ ಹೊರಗೆ, ಕಾವಲಿಯ ಎಣ್ಣೆ ಒಳಗೆ. ಪುಳಿಮುಂಚಿಯಲ್ಲಿ (ಹುಳಿ–ಖಾರದ ಮೀನಿನ ಗಸಿ) ಹೊರಬಂದದ್ದೂ ಗಸಿಯಲ್ಲೇ ಇರ್ತದೆ. ನಿಮ್ಮ ಹೆಸರೇ ಗೆದ್ದಿತು.